‘ಇತ್ತು’ ಎಂದ ಹುಡುಗಿ, ನಿಂತ ಲ್ಯಾಟಿನ್ ಪಾಠ

ಪ್ರಾಂತೀಯ ಶಿಕ್ಷಣಾಧಿಕಾರಿಗಳಿಗೆ,

ಮಾನ್ಯರೇ, ಹನ್ನೆರಡು ವರ್ಷದ ಮಕ್ಕಳಿಗೆ ಮಂಗಳವಾರ ಮಧ್ಯಾಹ್ನ ನಾನು ಹೇಳುತ್ತಿದ್ದ ಲ್ಯಾಟಿನ್ ಪಾಠವನ್ನು ತಾವು ನಿಲ್ಲಿಸಿದ್ದೀರಿ. ಕಾರಣ, ‘ಪಠ್ಯದಲ್ಲಿ ಹಿಂಸೆಗೆ ಪ್ರಚೋದನೆ ಇದೆ’. ಎಂಥ ಸೂಕ್ಷ್ಮ ಮನಸ್ಸು ತಮ್ಮದು! ಪ್ರತಿ ವಸಂತದಲ್ಲೂ ಇದೇ ಮಕ್ಕಳನ್ನು ಬಸ್ಸಿಗೆ ತುಂಬಿ ಕಾಪುವಾ ಊರಿನ ಹಳೆಯ ರೋಮನ್ ಅಖಾಡಕ್ಕೆ ಕರೆದೊಯ್ಯುವವರು ತಾವೇ. ಸಾವಿರಾರು ಜನರ ಚಪ್ಪಾಳೆಯ ನಡುವೆ ಗುಲಾಮರ ಗಂಟಲು ಸೀಳಿದ ನೆಲದ ಮೇಲೆ ಮಕ್ಕಳ ಕೈಗೆ ರಟ್ಟಿನ ಕತ್ತಿ ಕೊಟ್ಟು ಫೋಟೊ ತೆಗೆಸುವವರೂ ತಾವೇ. ಅಲ್ಲಿ ಕಾಣದ ಹಿಂಸೆ ನನ್ನ ವ್ಯಾಕರಣದಲ್ಲಿ ಕಂಡಿತೇ?

ನಡೆದದ್ದು ಇಷ್ಟು. ಫೆಬ್ರುವರಿಯಲ್ಲಿ ಭೂತಕಾಲದ ಪಾಠ ಮಾಡುತ್ತಿದ್ದೆ. ‘ರೋಮಿನಲ್ಲಿ ತಂದೆಗೆ ಮಕ್ಕಳನ್ನು ಬದುಕಿಸುವ, ಕೊಲ್ಲುವ ಅಧಿಕಾರವಿತ್ತು’ ಎಂಬ ವಾಕ್ಯ ಬೋರ್ಡಿನ ಮೇಲಿತ್ತು. ಟೈರ್ ಅಂಗಡಿಯ ಅನಿಯೆಲ್ಲೊನ ಮಗಳು ಒರ್ನೆಲ್ಲಾ ಕೈ ಎತ್ತಿದಳು.

“ಮೇಡಂ, ‘ಇತ್ತು’ ಅಂದ್ರೆ ಈಗಿಲ್ಲ ಅಂತ ತಾನೆ?”

“ಹೌದಮ್ಮ. ಆ ಕಾನೂನು ಹೋಗಿ ಎಷ್ಟೋ ಶತಮಾನ ಆಯ್ತು.”

“ನಮ್ಮ ಮನೆಗೆ ಇನ್ನೂ ಸುದ್ದಿ ಬಂದಿಲ್ಲ.”

ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಎತ್ತಿದ ಕೈಯಿಂದ ಅಂಗಿಯ ತೋಳು ಜಾರಿ, ಬೆಲ್ಟಿನ ಬಾಸುಂಡೆಗಳು ಮೊಣಕೈವರೆಗೂ ಕಂಡವು. ಅಂದೇ ತಮ್ಮ ಕಚೇರಿಗೆ ಬರೆದೆ. ವಾರದ ಮೇಲೆ ಮತ್ತೊಮ್ಮೆ ಬರೆದೆ. ಉತ್ತರವಿಲ್ಲ. ನೇರವಾಗಿ ಪೊಲೀಸರ ಬಳಿ ಹೋಗಬೇಕಿತ್ತು. ನಿಯಮ ಪಾಲಿಸುತ್ತ ಕೂತೆ. ಆ ತಪ್ಪು ನನ್ನದು, ಒಪ್ಪುತ್ತೇನೆ.

ಮಾರ್ಚ್ ತಿಂಗಳ ಒಂದು ಸೋಮವಾರ, ಮಧ್ಯಾಹ್ನದ ಊಟದಲ್ಲಿ ಪಾಸ್ತಾಕ್ಕೆ ಉಪ್ಪು ಹೆಚ್ಚಾಯಿತೆಂದು ಅನಿಯೆಲ್ಲೊ ಬಿಸಿ ತಟ್ಟೆಯನ್ನೇ ಹೆಂಡತಿಯ ಮುಖಕ್ಕೆ ಎಸೆದ. ಜುಟ್ಟು ಹಿಡಿದು ಅವಳನ್ನು ನೆಲದ ಮೇಲೆ ಎಳೆದಾಡುವಾಗ ಮಗಳು ನಡುವೆ ಬಂದಳು. “ಇತ್ತು ಅಪ್ಪಾ! ಈಗಿಲ್ಲ! ಮೇಡಂ ಹೇಳಿದಾರೆ!” ಅವನು ಅವಳ ತಲೆಯನ್ನು ಗೋಡೆಗೆ ಚಚ್ಚಿದ. ಮುಂದಿನ ಹಲ್ಲು ಮುರಿಯಿತು. ಇದನ್ನೆಲ್ಲ ಆ ತಾಯಿಯೇ ನನಗೆ ಆಮೇಲೆ ಹೇಳಿದ್ದು.

ಮರುದಿನ ಆ ಮಗು ಊದಿದ ತುಟಿ ಹೊತ್ತುಕೊಂಡೇ ಪಾಠಕ್ಕೆ ಬಂತು. ನಾನು ಹತ್ತಿರ ಹೋಗಿ ಮಾತಾಡಿಸುವಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಅನಿಯೆಲ್ಲೊ. ಕೈಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್.

“ನನ್ನ ಮನೆ ಕಾನೂನು ಹೇಳೋಕೆ ನೀನ್ಯಾರೇ?”

ಮೊದಲ ಏಟು ನನ್ನ ಬಲಗೈಗೆ. ಮೂಳೆ ಮುರಿದ ಸದ್ದು ಹಿಂದಿನ ಬೆಂಚಿನವರೆಗೂ ಕೇಳಿತಂತೆ. ಎರಡನೆಯದು ಮಗಳ ಕಡೆಗೆ ಬೀಸಿದ್ದು. ನಾನು ಅವಳ ಮೇಲೆ ಬಿದ್ದೆ, ಅದು ನನ್ನ ಬೆನ್ನಿಗೆ ಬಡಿಯಿತು. ಮಕ್ಕಳು ಚೀರುತ್ತ ಕಿಟಕಿ ಹತ್ತುತ್ತಿದ್ದರು. ಆಗ ಬಂದವಳು ನಮ್ಮ ಶಾಲೆಯ ಆಯಾ, ಅರವತ್ತು ದಾಟಿದ ಅಸುಂತಾ. ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಕಿತ್ತು, “ಮಕ್ಕಳ ಮೇಲೆ ಕೈ ಮಾಡ್ತೀಯೇನೋ ಹೇಡಿ?” ಎಂದು ಅವನ ಹೆಗಲಿಗೆ ಅಪ್ಪಳಿಸಿದಳು. ಅವನು ಕುಸಿದ. ಪೊಲೀಸರು ಬರುವವರೆಗೂ ಆಕೆ ಅವನ ಕತ್ತಿನ ಮೇಲೆ ಕಾಲಿಟ್ಟುಕೊಂಡೇ ನಿಂತಿದ್ದಳು.

ತಮ್ಮ ತನಿಖಾಧಿಕಾರಿ ಬಂದರು. ಸ್ಪ್ಯಾನರ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮಕ್ಕಳ ನೋಟ್‌ಬುಕ್ ತರಿಸಿ ಆ ವಾಕ್ಯಕ್ಕೆ ಕೆಂಪು ಗೆರೆ ಎಳೆದರು. “ಸತ್ತ ಭಾಷೆ ಯಾಕ್ ಬೇಕಿತ್ತು ಮೇಡಂ? ಕಂಪ್ಯೂಟರ್ ಕಲಿಸಿದ್ರೆ ಯಾರೂ ಹೊಡೀತಿರಲಿಲ್ಲ” ಎಂದರು. ನಿಜ ಸ್ವಾಮಿ! ಭೂತಕಾಲ ಗೊತ್ತಿಲ್ಲದ ಮಗು ಯಾರಿಗೂ ತೊಂದರೆ ಕೊಡುವುದಿಲ್ಲ. ಇಂದು ಬೀಳುವ ಏಟು ಎಂದೆಂದಿಗೂ ಬೀಳುವಂಥದ್ದೇ ಎಂದುಕೊಂಡು ತಲೆ ತಗ್ಗಿಸಿ ತಿನ್ನುತ್ತದೆ. ಆಗ ತಮ್ಮ ಕಚೇರಿಗೆ ಎಷ್ಟೊಂದು ಶಾಂತಿ!

ಅನಿಯೆಲ್ಲೊ ಈಗ ಜೈಲಿನಲ್ಲಿದ್ದಾನೆ. ತಾಯಿ ಮಗಳು ಕಸೆರ್ತಾ ಪಟ್ಟಣದಲ್ಲಿ ಹುಡುಗಿಯ ಚಿಕ್ಕಮ್ಮನ ಮನೆಯಲ್ಲಿದ್ದಾರೆ. ನಿನ್ನೆ ಒರ್ನೆಲ್ಲಾ ಫೋನ್ ಮಾಡಿದ್ದಳು. “ಮೇಡಂ, ಇಲ್ಲಿ ಲ್ಯಾಟಿನ್ ಇಲ್ಲ. ಮಂಗಳವಾರ ಬಸ್ಸಲ್ಲಿ ಬರ್ಲಾ? ಮೂರಕ್ಕೆ ಇಳೀತೀನಿ.” “ಬಾ” ಎಂದುಬಿಟ್ಟೆ.

ಆದ್ದರಿಂದ ಆದೇಶ ಹಿಂಪಡೆಯಿರಿ. ನನ್ನ ಎರಡು ಪತ್ರಗಳನ್ನು ಯಾರು ಓದಿದರು, ಓದಿ ಯಾಕೆ ಸುಮ್ಮನಿದ್ದರು ಎಂಬುದಕ್ಕೆ ಲಿಖಿತ ಉತ್ತರ ಕೊಡಿ. ತರಗತಿಯ ಬೀಗದಕೈ ತಮ್ಮ ಕಚೇರಿಯಲ್ಲಿದೆ. ಮಂಗಳವಾರ ಮೂರರೊಳಗೆ ಕಳಿಸಿ. ಬರದಿದ್ದರೆ ಬೀಗ ಒಡೆಯುತ್ತೇನೆ. ಆ ಹಿಂಸೆಗೆ ಮಾತ್ರ ನಾನೊಬ್ಬಳೇ ಹೊಣೆ.

ಇಂತಿ,
ತಮ್ಮ ಕಡತದಲ್ಲಿ ‘ಅಶಾಂತಿಗೆ ಮೂಲ’ ಎಂದು ನಮೂದಾಗಿರುವ
ಎರ್ಸಿಲಿಯಾ ಇಯೊವಿನೆ, ಲ್ಯಾಟಿನ್ ಶಿಕ್ಷಕಿ