ಯಾವ ಅಂಚಿನಿಂದ ಅಳತೆ

ಚಂದ್ರಾ ಲೇಔಟ್, ಬೆಂಗಳೂರು
14 ಜುಲೈ 2025

ಪ್ರೀತಿಯ ಅಪ್ಪಾಜಿಗೆ ಜಗದಾಂಬಾ ಮಾಡುವ ಶರಣು.

ಆರೋಗ್ಯ ಹೇಗಿದೆ? ಮಂಡಿ ನೋವು ಕಡಿಮೆಯಾಯಿತೇ? ತಮ್ಮ ಕಲ್ಮೇಶ ನಿಮ್ಮನ್ನು ಬೆಳಿಗ್ಗೆ ವಾಕಿಂಗಿಗೆ ಕರೆದೊಯ್ಯುತ್ತಾನೋ, ಇಲ್ಲ ತಾನೇ ಹೊದ್ದು ಮಲಗಿರುತ್ತಾನೋ? ಫೋನಿನಲ್ಲಿ ಕಣ್ಣಿನ ಮಾತು ಎತ್ತಿದರೆ ಸಾಕು, ನೀವು ಲೈನ್ ಕಟ್ ಮಾಡುತ್ತೀರಿ. ಅದಕ್ಕೇ ದಾವಣಗೆರೆಗೆ ಈ ಪತ್ರ. ರಕ್ಷಾ ಓದಿ ಹೇಳುವಾಗ ಎದ್ದು ಹೋಗಲು ನೋಡಬೇಡಿ, ನಿಮ್ಮ ಮೊಮ್ಮಗಳು ಬಿಡುವವಳಲ್ಲ. ಇದೇ ಇಪ್ಪತ್ತನಾಲ್ಕಕ್ಕೆ ಪೊರೆ ತೆಗೆಯಲು ಡಾಕ್ಟರು ದಿನ ಕೊಟ್ಟಿದ್ದಾರೆ. ನೀವು ಮಾತ್ರ 'ಇನ್ನು ನೋಡೋಕೆ ಏನಿದೆ ಬಿಡಪ್ಪ' ಎನ್ನುತ್ತೀರಂತೆ. ಆಗಲೇ ಎರಡು ಸಲ ಮುಂದೆ ಹಾಕಿಸಿದ್ದೀರಿ. ಈ ಸಲವೂ ತಪ್ಪಿಸಿದರೆ ಬಲಗಣ್ಣು ಉಳಿಸುವುದು ಕಷ್ಟ ಎಂದರಂತೆ. ನನಗೆ ಭಯವಾಗುತ್ತಿದೆ, ಅಪ್ಪಾಜಿ.

ಹೊಸ ಕೆಲಸದ ಬಗ್ಗೆ ನೀವು ಕೇಳುತ್ತಲೇ ಇದ್ದೀರಿ, ನಾನೇ ಸರಿಯಾಗಿ ಹೇಳಿರಲಿಲ್ಲ. ಆಫೀಸು ವಿಜಯನಗರದಲ್ಲಿ, ಒಂದು ದರ್ಶಿನಿಯ ಮೇಲಿನ ಮಹಡಿ. ಹತ್ತೂವರೆಗೆ ಕೆಳಗಿನಿಂದ ಒಗ್ಗರಣೆ ವಾಸನೆ ಬಂದರೆ ಯಾರಿಗೂ ಕೆಲಸ ಓಡುವುದಿಲ್ಲ. ಇಪ್ಪತ್ತಾರು ವರ್ಷ ನಾನು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿದೆನಲ್ಲ, ಈಗ ಅದನ್ನು ಎಐ ಏಜೆಂಟ್ ಎನ್ನುವ ಪ್ರೋಗ್ರಾಮು ತಾನೇ ಮಾಡುತ್ತದೆ. ಗೆರೆ ಎಳೆಯಲು, ತೂತು ಹಾಕಲು, ಮೂಲೆ ದುಂಡು ಮಾಡಲು ಸಾಫ್ಟ್‌ವೇರಿನಲ್ಲಿ ಒಂದೊಂದು ಟೂಲ್ ಇದೆ. ಯಾವ ಟೂಲ್ ಏನು ಮಾಡುತ್ತದೆ, ಯಾವಾಗ ಹಿಡಿಯಬೇಕು, ಯಾವಾಗ ಮುಟ್ಟಲೇಬಾರದು ಎಂದು ಆ ಏಜೆಂಟ್‌ಗೆ ಬರೆದುಕೊಡುವವಳು ನಾನು. ಬರೆದುಕೊಟ್ಟಿದ್ದನ್ನೇ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಿಮ್ಮ ಹತ್ತಿರ ಕಲಿತವರ ಹಾಗೆ ನಿಮ್ಮ ಮುಖ ನೋಡಿಯೇ ತಿಳಿದುಕೊಳ್ಳುವ ಜಾತಿಯಲ್ಲ. ಆದರೂ ಕೆಲಸ ನನಗೆ ಬಹಳ ಹಿಡಿಸಿದೆ.

ಹೋದ ತಿಂಗಳು ಮಾತ್ರ ಮರ್ಯಾದೆ ಹೋಗುವುದರಲ್ಲಿತ್ತು. ತೂತಿನ ಟೂಲಿಗೆ 'ಅಂಚಿನಿಂದ ಎಷ್ಟು ದೂರ ಎಂದು ಕೊಡಬೇಕು' ಎಂದು ಬರೆದಿದ್ದೆ. ಯಾವ ಅಂಚು ಎಂದು ಬರೆಯಲೇ ಇಲ್ಲ. ರಾಜಾಜಿನಗರದ ನಿಮ್ಮ ಮೆಷಿನ್ ಶೆಡ್ಡಿನಲ್ಲಿ ಬೆಳೆದವಳಿಗೆ ಅದೂ ಬರೆಯುವ ಸಂಗತಿ ಎಂದು ಹೊಳೆಯಲಿಲ್ಲ. ಅಲ್ಲಿ ಮೊದಲು ಮಿಲ್ಲಿಂಗ್ ಮಾಡಿ ಸಪಾಟಾಗಿಸಿದ ಪ್ಲೇಟಿನ ಮುಖಕ್ಕೆ ನೀಲಿ ಚಾಕ್‌ಪೀಸಿನ ಗುರುತು, ಎಲ್ಲ ಅಳತೆಯೂ ಅಲ್ಲಿಂದಲೇ. ಆರು ತೂತಿನ ಒಂದು ಕಬ್ಬಿಣದ ಪ್ಲೇಟಿಗೆ ಏಜೆಂಟ್ ಒಂದೊಂದು ತೂತಿಗೂ ಹತ್ತಿರವಿದ್ದ ಅಂಚಿನಿಂದ ಅಳತೆ ಹಾಕಿ ಡ್ರಾಯಿಂಗ್ ಕೊಟ್ಟಿತು. ಪರದೆಯ ಮೇಲೆ ಎಲ್ಲ ಸರಿಯಿತ್ತು. ಆದರೆ ಗೋವಿಂದರಾಜನಗರದ ವರ್ಕ್‌ಶಾಪಿನಲ್ಲಿ ಗರಗಸದಿಂದ ಕತ್ತರಿಸಿದ ಪ್ಲೇಟು ಒಂದು ಮಿಲಿಮೀಟರ್ ಉದ್ದವಿತ್ತು, ಗರಗಸದ ತುದಿಯಿಂದ ಅಳೆದ ಮೂರು ತೂತುಗಳೂ ಅಷ್ಟೇ ಆಚೆ ಸರಿದವು. ವರ್ಕ್‌ಶಾಪಿನ ಭೈರೇಶ್ ಫೋನ್ ಮಾಡಿ, 'ಮೇಡಂ, ತೂತ್ ಒಂದ್ಕಡೆ, ಬೋಲ್ಟ್ ಒಂದ್ಕಡೆ. ಯಾರ್ ಮೇಡಂ ಈ ಡ್ರಾಯಿಂಗ್ ಮಾಡಿದ್ದು?' ಎಂದ. ನಮ್ಮ ಟೀಮ್ ಲೀಡ್ ರೇವಂತ್, ವಯಸ್ಸಿನಲ್ಲಿ ನನಗೆ ಮಗನಂತಿದ್ದಾನೆ, ನಾನು ಬರೆದದ್ದನ್ನು ತೆರೆದು ನೋಡಿ, 'ಅಂಚು ಅಂತ ನೀವೇ ಬರ್ದಿದೀರಲ್ಲ ಮೇಡಂ, ಅದು ಅಂಚಿಂದಾನೇ ಅಳ್ದಿದೆ' ಎಂದ.

ಆಮೇಲೆ ಕೂತು, ನೀವು ಕಿರುಚುತ್ತಿದ್ದಿರಲ್ಲ, 'ಮೊದ್ಲು ಒಂದ್ ಮುಖ ಸರಿ ಮಾಡ್ಕೋ, ಆಮೇಲೆ ಅಳತೆ ಮಾತಾಡು' ಎಂದು, ಅದನ್ನೇ ನಾಲ್ಕು ಸಾಲು ಮಾಡಿ ಬರೆದೆ. ಬೈಗುಳ ಮಾತ್ರ ಬಿಟ್ಟೆ. ಮಾರನೇ ದಿನ ಏಜೆಂಟ್ ಅದೇ ಪ್ಲೇಟನ್ನು ಮತ್ತೆ ಮಾಡಿದಾಗ ಆರು ತೂತುಗಳ ಅಳತೆಯೂ ಒಂದೇ ಮುಖದಿಂದ ಹೊರಟಿತ್ತು. ಭೈರೇಶ್, 'ಇದು ಮೆಷಿನ್ ಮುಂದೆ ನಿಂತೋರ ಡ್ರಾಯಿಂಗು' ಎಂದ. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ನೀವು ಐವತ್ತು ವರ್ಷ ಬಾಯಲ್ಲೇ ಹೇಳಿಕೊಂಡು ಬಂದದ್ದು ಮೊದಲ ಸಲ ಬರವಣಿಗೆಗೆ ಬಂತು. ಕೆಳಗಿಳಿದು ಒಬ್ಬಳೇ ಎರಡು ಕಾಫಿ ಕುಡಿದೆ, ಎರಡನೆಯದು ನಿಮ್ಮ ಪಾಲಿನದು.

ಕಲ್ಮೇಶನಿಗೂ ಅವನ ಹೆಂಡತಿಗೂ ನನ್ನ ನೆನಪು ಹೇಳಿ. ಇಷ್ಟು ಹೊತ್ತು ಗಂಟಲು ಒಣಗಿಸಿಕೊಂಡ ರಕ್ಷಾಗೆ ಒಂದು ಮುತ್ತು. ನಿಮ್ಮ ಪಾದಕ್ಕೆ ಇಲ್ಲಿಂದಲೇ ತಲೆಯಿಟ್ಟಿದ್ದೇನೆ.

ನಿಮ್ಮ ಮಗಳು,
ಜಗದಾಂಬಾ

ತಾ.ಕ.: ಕವರು ಅಂಟಿಸುವ ಆತುರದಲ್ಲಿ ಮುಖ್ಯ ವಿಷಯವೇ ಬಿಟ್ಟುಹೋಗಿತ್ತು. ಜೊತೆಗೆ ಒಂದು ಡ್ರಾಯಿಂಗ್ ಮಡಿಸಿ ಇಟ್ಟಿದ್ದೇನೆ. ಏಜೆಂಟ್ ಮಾಡಿದ್ದು, ಡ್ರಿಲ್ ಅತ್ತಿತ್ತ ಸರಿಯದಂತೆ ದಾರಿ ತೋರುವ ಜಿಗ್ಗಿನದು. ಅದರಲ್ಲಿ ಎಲ್ಲೋ ಒಂದು ಕಡೆ ತಪ್ಪಿದೆ. ನಾನು, ರೇವಂತ್, ಭೈರೇಶ್ ಮೂರು ದಿನ ಹುಡುಕಿದೆವು, ಸಿಗಲಿಲ್ಲ. ಅದು ಸಿಗದೆ ಏಜೆಂಟ್‌ಗೆ ಮುಂದಿನದನ್ನು ನಾನು ಬರೆದುಕೊಡಲಾರೆ. ವರ್ಕ್‌ಶಾಪಿನಲ್ಲಿ ಏನಾಯಿತೆಂದು ಹೇಳುವುದಿಲ್ಲ, ಹೇಳಿದರೆ ನೀವು ಕೂತಲ್ಲೇ ಉತ್ತರ ಕೊಟ್ಟು ಆಸ್ಪತ್ರೆ ತಪ್ಪಿಸುತ್ತೀರಿ. ರಕ್ಷಾ ಪತ್ರ ಓದಿಯಾಳು, ಡ್ರಾಯಿಂಗ್ ಓದಲು ಅವಳಿಗೆ ಬರುವುದಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನೀವೇ ನೋಡಿ, ತಪ್ಪಿರುವ ಕಡೆ ಸುತ್ತು ಹಾಕಿ ಕಳಿಸಿ. ಆಗಸ್ಟ್ ಹದಿನೈದರವರೆಗೆ ಆ ಜಿಗ್ಗನ್ನು ಯಾರೂ ಮುಟ್ಟುವುದಿಲ್ಲ, ಅಪ್ಪಾಜಿ ನೋಡಬೇಕು ಎಂದು ಆಫೀಸಿನಲ್ಲಿ ಹೇಳಿಬಿಟ್ಟಿದ್ದೇನೆ.