ಬನಶಂಕರಿಗೆ ಮುಟ್ಟದ ಉಡಿ

ಹಳಿಯಾಳದ ಕಡೆಯಿಂದ,
ಶಿವರಾತ್ರಿ ಕಳೆದು ಎರಡನೆಯ ಸೋಮವಾರ

ಚಿರಂಜೀವಿ ರಾಜಶ್ರೀಗೆ ನಿನ್ನ ಅತ್ತೆ ತಾಯವ್ವ ಮಾಡುವ ಆಶೀರ್ವಾದ.

ಹೆಸರಿನ ಹಿಂದೆ ಸೌಭಾಗ್ಯವತಿ ಎಂದೂ ಸೇರಿಸಲೇ ಎಂದು ಕ್ರಿಸ್ತಿನಾ ಕೇಳಿದಳು. ಬೇಡ, ಚಿರಂಜೀವಿ ಒಂದೇ ಸಾಕು ಎಂದೆ. ಎರಡೂ ಒಟ್ಟಿಗೆ ನಿನಗೆ ಒಗ್ಗಲಿಲ್ಲ.

ನನಗೆ ಅಕ್ಷರ ಬಾರದು. ನಾನು ಹೇಳುತ್ತೇನೆ, ಇವಳು ಬರೆಯುತ್ತಾಳೆ. ನನ್ನ ಮಾತನ್ನೆಲ್ಲ ಶಾಲೆಯ ಕನ್ನಡಕ್ಕೆ ತಿರುಗಿಸುತ್ತಾಳೆ. ಓದಿಸಿ ಕೇಳಿದರೆ ಯಾರೋ ಮಾಸ್ತರರ ತಾಯಿ ಮಾತಾಡಿದ ಹಾಗಿದೆ. ಇರಲಿ. ಲಕೋಟೆಯ ಮೇಲೆ ಇವಳ ತಂಗಿ ಜ್ಯೂಲಿಯ ಹೆಸರಿರುತ್ತದೆ. ನೀವಿಬ್ಬರೂ ಅಡುಗೆ ಮಾಡುವ ಆ ಹಾಸ್ಟೆಲ್ಲು ಯಾವ ಊರಿನದು ಎಂಬುದನ್ನು ನನಗೆ ಹೇಳಬೇಡ ಎಂದು ಇವಳಿಗೆ ಕಟ್ಟುನಿಟ್ಟು ಮಾಡಿದ್ದೇನೆ. ಗೊತ್ತಿಲ್ಲದ್ದನ್ನು ಯಾರು ಹೇಗೆ ಕೇಳಿದರೂ ನಾನು ಹೇಳಲಾರೆ.

ಯುಗಾದಿಗೆ ವಾಪಸ್ಸು ಬರುತ್ತೇನೆ, ಅತ್ತೆಗೆ ಏನಾಯಿತೋ ನೋಡದೆ ಗಂಟಲಲ್ಲಿ ಅನ್ನ ಇಳಿಯದು ಎಂದು ನೀನು ಹಟ ಹಿಡಿದಿದ್ದೀಯಂತೆ. ಅದಕ್ಕೇ ಈ ಪತ್ರ. ನನಗೇನೂ ಆಗಿಲ್ಲ. ಮನೆಯ ಹಂಚು ಇಳಿಸಿ ಹೊಸದು ಹೊದಿಸುತ್ತಿದ್ದಾರೆ, ಅದಕ್ಕೆ ಕ್ರಿಸ್ತಿನಾಳ ಪಡಸಾಲೆಯಲ್ಲಿ ಮಲಗುತ್ತೇನೆ. ಇವಳ ಗಂಡ ಅಂತೋನಿ ಸಂಜೆ ಬಂದು ನನ್ನಿಂದ ಒಂದು ಕತೆ ಹೇಳಿಸಿಕೊಳ್ಳದೆ ಉಣ್ಣುವುದಿಲ್ಲ. ಈ ಸಿದ್ದಿಯರ ಮನೆಯ ಗಂಜಿಯಲ್ಲಿ ಏನಿದೆಯೋ, ಮೈ ತುಂಬಿಕೊಂಡಿದ್ದೇನೆ.

ಪ್ರವಾಸದ ಉಳಿದರ್ಧವನ್ನು ನೀನು ನೋಡಲಿಲ್ಲ. ಅದನ್ನು ನಾನಾದರೂ ತೋರಿಸಬೇಕಲ್ಲ. ಆದರೆ ನಡುವಿನಿಂದ ಕತೆ ಎತ್ತಿದರೆ ನನ್ನ ಬಾಯಿಗೆ ಹಿಡಿಸದು. ಗೊತ್ತಿದ್ದದ್ದನ್ನೂ ಇನ್ನೊಮ್ಮೆ ಕೇಳು.

ನಿನ್ನನ್ನು ಮನೆಯಿಂದ ಹೊರಡಿಸಿದ್ದು ಹೇಗೆಂದು ನೆನಪಿದೆಯೇ? ಬಸಲಿಂಗಯ್ಯನ ಅಗ್ಗದ ಬಸ್ಸು, ಹೆಂಗಸರೇ ಎಲ್ಲ. ಗುಮ್ಮಟ, ಗೋರಿ, ಹಳೆಯ ಗುಡಿ, ಕೊನೆಗೆ ಬನಶಂಕರಿ. ಹಾಸಿಗೆ ನಮ್ಮದೇ, ರೊಟ್ಟಿ ನಮ್ಮದೇ, ಶೇಂಗಾ ಹಿಂಡಿಯೂ ನಮ್ಮದೇ. ಹಾಗಾದರೆ ಬಸಲಿಂಗಯ್ಯನದೇನು ಎಂದು ನೆರೆಮನೆಯ ವಿದ್ಯಾವತಿ ಕೇಳಿದ್ದಕ್ಕೆ, ‘ಬಾಯಿ ನಂದ ಐತೆಲ್ಲವ್ವಾ, ದಾರಿ ತುಂಬ ಮಾತಾಡ್ತೇನಿ’ ಅಂದಿದ್ದ. ನನ್ನ ಮಗ ಉದಯಕುಮಾರ ಮೊದಲು ಒಪ್ಪಲಿಲ್ಲ. ನೀನು ಬಾವಿಗೆ ಹೋದರೂ ಹೊತ್ತು ನೋಡುವವನು ಮೂರು ದಿನಕ್ಕೆ ಒಪ್ಪುತ್ತಾನೆಯೇ? ಆಗ ನಾನು ದೇವಿಯನ್ನು ಮುಂದೆ ಮಾಡಿದೆ. ‘ಬನಶಂಕರಿಗೆ ಉಡಿ ಬೇಡಿಕೊಂಡೇನಿ, ನಿನಗ ಗಂಡ ಕೂಸ ಆಗ್ಲಿ ಅಂತ. ನಾ ಮುಂಡಿ, ನನ್ನ ಕೈಲೆ ಉಡಿ ತುಂಬಾಕ ಬರತೈತೇನ? ಮುತ್ತೈದಿ ಬೇಕು. ಸೊಸಿ ಬರಾಕ ಬೇಕು’ ಎಂದೆ. ಕಬ್ಬಿನ ಟ್ರ್ಯಾಕ್ಟರ್ ತೆಗೆದುಕೊಂಡು ಫ್ಯಾಕ್ಟರಿಗೆ ಹೊರಟವನು ಟ್ರಂಕಿನ ಬೀಗ ತೆಗೆದು ನಿನ್ನ ಆಧಾರ್ ಕಾರ್ಡನ್ನು ನನ್ನ ಕೈಗೆ ಕೊಟ್ಟ. ರಾತ್ರಿ ಮಲಗುವ ಕಲ್ಯಾಣಮಂಟಪದಲ್ಲಿ ಅದನ್ನು ಕೇಳುತ್ತಾರೆ ಎಂದು ಬಸಲಿಂಗಯ್ಯ ಹೇಳಿದ್ದ. ‘ಅಕಿ ಕೈಯಾಗ ಕೊಡಬ್ಯಾಡ’ ಎಂದ. ನಾನು ಅದನ್ನು ಎಲೆಯಡಿಕೆಯ ಸಂಚಿಯಲ್ಲಿಟ್ಟೆ.

ಅದೇ ಸಂಚಿಯಲ್ಲಿ ಕ್ರಿಸ್ತಿನಾ ಬರೆದುಕೊಟ್ಟ ಜ್ಯೂಲಿಯ ವಿಳಾಸದ ಚೀಟಿಯೂ ಇತ್ತು. ಅದನ್ನು ಯಾಕೆ ಬರೆಸಿಕೊಂಡಿದ್ದೆ ಎಂದು ಈಗ ಕೇಳಿದರೆ, ನನಗೆ ತಿಳಿಯದು. ನಿನ್ನ ತವರಿನವರು ಎರಡು ಸಲ ನಿನ್ನನ್ನು ತಂದು ಅಂಗಳದಲ್ಲಿ ಬಿಟ್ಟು ಚಹಾ ಕುಡಿದು ಹೋದವರು. ಇನ್ನೊಂದು ಬಾಗಿಲು ಎಲ್ಲಾದರೂ ಇರಲಿ ಎಂದು ಅನ್ನಿಸಿರಬೇಕು.

ಗೋಲಗುಮ್ಮಟದ ಮೇಲೆ ಹತ್ತಿದಾಗ ನಕ್ಕದ್ದನ್ನು ಮರೆಯಬೇಡ. ಜನ್ಮದಲ್ಲಿ ಗಂಡನ ಹೆಸರು ಹೇಳದ ವಿದ್ಯಾವತಿ ಗೋಡೆಗೆ ಬಾಯಿ ಹಚ್ಚಿ ‘ಶೇಖಪ್ಪಾ’ ಎಂದು ಕೂಗಿದಳು. ಅದು ಸುತ್ತಿ ಸುತ್ತಿ ಬಂತು. ‘ಮನ್ಯಾಗ ಕರದ್ರ ಒಂದ ಸರ್ತಿನೂ ಓ ಅನ್ನಂಗಿಲ್ಲ ನೋಡವಾ, ಇಲ್ಲಿ ಏಳ ಸರ್ತಿ ಅಂದ’ ಎಂದಳು. ಇಡೀ ಬಸ್ಸಿನ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ನೀನು ಮಾತ್ರ ಕೂಗಲಿಲ್ಲ. ನೀನೂ ಏನಾದರೂ ಅನ್ನು ಎಂದೆ. ‘ಎಷ್ಟ ಸರ್ತಿ ಬಂದ್ರೂ ನನಗ ಒಂದ ಕಿವಿಗೇ ಕೇಳಸೂದು ಅತ್ತಿ’ ಎಂದೆ ನೀನು. ಇನ್ನೊಂದು ಕಿವಿ ದೀಪಾವಳಿಯಲ್ಲಿ ಉದಯಕುಮಾರನ ಏಟಿಗೆ ಹೋದದ್ದು. ಅವನ ಕೈ ಯಾರಿಂದ ಬಂದ ಕೈ ಎಂದು ನನಗೆ ಗೊತ್ತು, ಮಗಳೇ. ನಿನ್ನ ಮಾವ ಸತ್ತಾಗ ನಾನು ಬಹಳ ಅತ್ತೆ ಎಂದು ಊರು ಹೇಳುತ್ತದೆ. ಅತ್ತದ್ದು ನಿಜ.

ಮರುದಿನ ಬೆಳಿಗ್ಗೆ ಟೋಲು ಉಳಿಸಲು ಬಸಲಿಂಗಯ್ಯ ಅಡ್ಡದಾರಿ ಹಿಡಿಸಿದ; ಊರ ಹೊರಗೆ ಗಾಲಿ ಪಂಕ್ಚರ್ ಆಯಿತು. ನಾವಿಬ್ಬರೂ ಮರೆ ಹುಡುಕಿಕೊಂಡು ಹೊಲದಂಚಿಗೆ ಹೋದೆವು. ಅಲ್ಲಿ ಆ ಗೋರಿಗಳು. ಕರಿಕಲ್ಲಿನವು, ಸಾಲು ಸಾಲಾಗಿ, ಒಂದೇ ಅಳತೆ, ಒಂದೇ ಅಂತರ, ಒಂದು ಹೆಸರಿಲ್ಲ. ಆಡು ಕಾಯುವ ಮುದುಕ ಹೇಳಿದ್ದನ್ನು ನೀನೂ ಕೇಳಿದೆ. ಹಿಂದೆ ಒಬ್ಬ ಸರದಾರ ಯುದ್ಧಕ್ಕೆ ಹೊರಟನಂತೆ. ವಾಪಸ್ಸು ಬರುವುದಿಲ್ಲ ಎಂದು ಯಾರೋ ಶಕುನ ಹೇಳಿದರಂತೆ. ತಾನು ಸತ್ತರೆ ಹೆಂಡಂದಿರು ಬೇರೆಯವರ ಪಾಲಾದಾರು ಎಂದು ಎಲ್ಲರನ್ನೂ ಬಾವಿಗೆ ನೂಕಿಸಿ, ಇಲ್ಲಿ ಮಣ್ಣು ಮಾಡಿಸಿ ಹೋದನಂತೆ. ಕತೆಯೋ ನಿಜವೋ ದೇವರೇ ಬಲ್ಲ. ನೀನು ಒಂದು ತೆರೆದ ಗೋರಿಯ ಅಂಚಿನಲ್ಲಿ ನಿಂತಿದ್ದೆ. ‘ಅದು ಖಾಲಿ ಐತಿ. ಒಬ್ಬಾಕಿ ಓಡಿಹೋದ್ಲಂತ’ ಎಂದ ಮುದುಕ.

‘ಎಲ್ಲಿಗಿ ಹೋದ್ಲಂತ, ಮುತ್ಯಾ?’ ಎಂದು ನೀನು ಕೇಳಿದೆ.

‘ಕತಿ ಇಲ್ಲಿಗೇ ನಿಂತೈತಿ ಬೇ. ಓಡಿಹೋದಾಕಿ ಬೆನ್ನ ಹತ್ತಿ ಹೋಗಿ ಕತಿ ಮಾಡಾವ್ರ ಯಾರು? ಸತ್ತಾವ್ರದಾದ್ರ ಕಲ್ಲರ ಇರತಾವು’ ಎಂದು ಮುದುಕ ಆಡುಗಳ ಹಿಂದೆ ಹೋದ.

ನೀನು ನನ್ನ ಮುಖ ನೋಡಿದೆ. ನಾನು ನೂರಾರು ಕತೆ ಬಲ್ಲವಳು, ಆ ಕತೆಗೆ ಮುಂದಿನ ಮಾತು ನನ್ನ ಬಾಯಲ್ಲೂ ಇರಲಿಲ್ಲ. ನೀನು ಆ ಖಾಲಿ ಗೋರಿಯ ಉದ್ದವನ್ನೂ ನಿನ್ನ ಉದ್ದವನ್ನೂ ಕಣ್ಣಲ್ಲೇ ಹೋಲಿಸಿದೆ. ಅದನ್ನು ನಾನು ನೋಡಿದೆ. ಆಮೇಲೆ ಯೋಚನೆಯೇ ಮಾಡಲಿಲ್ಲ. ದೇವಿಯ ಉಡಿಯ ಗಂಟು ಹೆಗಲಲ್ಲೇ ಇತ್ತು, ಬಸ್ಸಿನಲ್ಲಿ ಬಿಟ್ಟರೆ ಇಲಿ ಮುಟ್ಟೀತು ಎಂದು. ಸೆರಗು ಹಿಡಿ ಎಂದೆ. ‘ಅತ್ತಿ, ನಿಮ್ಮ ಕೈಲೆ...’ ಎಂದೆ ನೀನು. ಮುಂಡೆಯ ಕೈ ಎಂದು ನೀನು ಹೇಳಲಿಲ್ಲ, ನಾನೇ ಪೂರ್ತಿ ಮಾಡಿಕೊಂಡೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು, ಆ ಹಸಿರು ಖಣ, ಎಲ್ಲವನ್ನೂ ಈ ಕೈಯಿಂದಲೇ ತುಂಬಿದೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತಾರೆ. ಗಂಡನ ಮನೆಯಿಂದ ಕಳಿಸುವಾಗ ತುಂಬಬಾರದೆಂದು ಯಾರಾದರೂ ಹೇಳಿದ್ದಾರೆಯೇ? ಕಾರ್ಡು ಕೊಟ್ಟೆ, ಚೀಟಿ ಕೊಟ್ಟೆ. ಸರ್ಕಾರಿ ಬಸ್ಸಿಗೆ ಹೆಂಗಸರಿಗೆ ಆ ಕಾರ್ಡೇ ಟಿಕೀಟು. ನೀನು ಕಾಲು ಹಿಡಿಯಲು ಬಗ್ಗಿದೆ, ನಾನು ಬೈದೆ. ಅಷ್ಟು ಹೊತ್ತು ಇರಲಿಲ್ಲ.

ಈಗ ನೀನು ನೋಡದ ಅರ್ಧ.

ಬಸ್ಸಿನ ಹಿಂದಿನ ಸೀಟಿನಲ್ಲಿ ನಮ್ಮ ಹಾಸಿಗೆ ಸುರುಳಿಯ ಮೇಲೆ ಕೌದಿ ಹೊದಿಸಿ, ಸೊಸೆಗೆ ಹೊಟ್ಟೆನೋವು, ಎಬ್ಬಿಸಬೇಡಿ ಎಂದೆ. ಬಸಲಿಂಗಯ್ಯ ತಲೆ ಎಣಿಸುವಾಗ ಆ ಸುರುಳಿಯನ್ನೂ ಎಣಿಸಿದ. ಐಹೊಳೆಯಲ್ಲಿ ಓಣಿಗೊಂದು ಗುಡಿ, ಒಂದರಲ್ಲೂ ದೇವರಿಲ್ಲ. ‘ಕೈ ಮುಗಕೋತ ನಿಂದ್ರಬ್ಯಾಡ್ರಿ, ಒಳಗ ಯಾರೂ ಇಲ್ಲ’ ಎಂದು ಅವನು ಎಲ್ಲರನ್ನೂ ಓಡಿಸುತ್ತಿದ್ದ. ಒಂದು ಗುಡಿಯ ಕಂಬದಲ್ಲಿ ಗಂಡ ಹೆಂಡತಿಯನ್ನು ಕೆತ್ತಿದ್ದಾರೆ. ಗಂಡನ ಕೈ ಹೆಂಡತಿಯ ಹೆಗಲ ಮೇಲಿದೆ. ಸಾವಿರ ವರ್ಷಕ್ಕೂ ಮೇಲಾಯಿತಂತೆ. ಒಮ್ಮೆಯೂ ಎತ್ತಿಲ್ಲ ಆ ಕೈಯನ್ನು. ಪಟ್ಟದಕಲ್ಲನ್ನು ಹೊರಗಿನಿಂದಲೇ ನೋಡಿದೆವು. ಚಲೋ ಇದೆ.

ಸಂಜೆ ಬನಶಂಕರಿ. ಎಲ್ಲರೂ ಉಡಿ ಹಿಡಿದು ಸಾಲಿನಲ್ಲಿ ನಿಂತರು. ನಾನು ತಪ್ಪಿದ್ದು ಅಲ್ಲೇ. ಅಂಗಡಿಯಲ್ಲಿ ಒಂದು ತೆಂಗಿನಕಾಯಿ, ಹಿಡಿ ಅಕ್ಕಿ ಕೊಂಡಿದ್ದರೆ ಮುಗಿದಿತ್ತು. ಆದರೆ ಒಬ್ಬಳಿಗೆಂದು ತಂದ ಉಡಿ ಸಲ್ಲಬೇಕಾದವಳಿಗೆ ಸಂದ ಮೇಲೆ ಇನ್ನೊಂದನ್ನು ತಂದು ದೇವಿಗೇ ನಾಟಕ ಆಡಲು ಮನಸ್ಸು ಬರಲಿಲ್ಲ. ಬರಿಗೈಯಲ್ಲೇ ಕೈ ಮುಗಿದೆ. ‘ತಾಯವ್ವಾ, ಉಡಿ ಎಲ್ಲೈತಿ?’ ಎಂದು ವಿದ್ಯಾವತಿ ಕೇಳಿದಳು. ಕೇಳಿಸದವಳ ಹಾಗೆ ಹೊಂಡದ ಕಡೆಗೆ ನಡೆದೆ. ಆಮೇಲೆ ಸೊಸೆ ಕಾಣುತ್ತಿಲ್ಲ ಎಂದು ಬಾಯಿ ಬಡಿದುಕೊಂಡೆ.

ಉದಯಕುಮಾರ ಬದಾಮಿಗೆಲ್ಲ ಹೋಗಿ ಹುಡುಕಿ ಬಂದ. ಬಂದವನು ವಿದ್ಯಾವತಿಯನ್ನು ಕೇಳಿದ. ಅವಳು ಕೆಟ್ಟವಳಲ್ಲ, ಕಂಡದ್ದನ್ನು ಹೇಳಿದಳು: ‘ನಿಮ್ಮವ್ವ ದೇವಿಗಿ ಬರಿಗೈಲೆ ಕೈ ಮುಗದ್ಲಪಾ, ಅಷ್ಟ ಚೆಂದಾಗಿ ಕಟಗೊಂಡ ಬಂದ ಉಡಿ ಎಲ್ಲಿ ಹೋತೋ.’ ಅವನು ಬಂದು ನನ್ನ ಮುಂದೆ ಕೂತ. ‘ಅವ್ವಾ, ಉಡಿ ಯಾರಿಗಿ ತುಂಬಿದಿ?’ ಎಂದ. ‘ದೇವಿಗೇ ತುಂಬೇನಿ’ ಎಂದೆ. ಅಷ್ಟೇ. ಎದ್ದು ಹೋದ. ಅಷ್ಟೇ ಆದದ್ದು.

ಇಲ್ಲಿ ಕ್ರಿಸ್ತಿನಾ ಪೆನ್ನು ಕೆಳಗಿಟ್ಟು ಕೂತಿದ್ದಳು. ಬರೆ ಎಂದರೂ ಬರೆಯಲಿಲ್ಲ. ಬೈದ ಮೇಲೆ ಈಗ ಬರೆದಿದ್ದಾಳೆ.

ನೀನು ಬರಬೇಡ. ಹಬ್ಬಕ್ಕೂ ಬೇಡ, ನನ್ನನ್ನು ನೋಡುವುದಕ್ಕೂ ಬೇಡ. ಆ ಮುದುಕನ ಕತೆಗೆ ಮುಂದಿನ ಮಾತು ಈಗ ನನಗೆ ಸಿಕ್ಕಿದೆ. ಅಂತೋನಿಗೂ ಹೇಳಿದೆ. ಓಡಿಹೋದವಳು ಒಂದು ಊರು ಸೇರಿದಳು. ದೊಡ್ಡ ಒಲೆ ಹಚ್ಚಿ, ದೊಡ್ಡ ಪಾತ್ರೆ ಇಟ್ಟು, ಕಂಡವರ ಮಕ್ಕಳಿಗೆ ಅನ್ನ ಮಾಡಿ ಹಾಕಿದಳು. ರಾತ್ರಿ ಕದ ಬಡಿದ ಸಪ್ಪಳವಾದರೆ ಮೊದಮೊದಲು ಬೆಚ್ಚುತ್ತಿದ್ದಳು, ಆಮೇಲೆ ಗಾಳಿ ಎಂದು ಮಗ್ಗುಲು ಬದಲಿಸಿದಳು. ಇದು ಇಷ್ಟೇ ಕತೆ. ಇದನ್ನು ಸುಳ್ಳು ಮಾಡಬೇಡ.

ಹೆಬ್ಬೆಟ್ಟು ಒತ್ತೋಣವೆಂದಿದ್ದೆ. ಕೈಗೆ ಮಸಿ ಯಾಕೆಂದು ಬಿಟ್ಟೆ.

ಇಂತಿ,
ನಿನ್ನ ಅತ್ತೆ
ತಾಯವ್ವ

ತಾ.ಕ.: ರಾಜಶ್ರೀ ಅಕ್ಕಾ, ಇದನ್ನು ಬರೆಯುತ್ತಿರುವವಳು ಕ್ರಿಸ್ತಿನಾ. ಇದನ್ನು ಹೇಳಿಸಿದವರು ಈಗಿಲ್ಲ. ಪತ್ರ ಮುಗಿಸಿ ಒಂದು ವಾರ ಕಳೆಯುವುದರೊಳಗೆ, ಬೆಳಗಿನ ಜಾವ ಹೋದರು. ಹಂಚು ಹೊದಿಸುವ ಮಾತು ಸುಳ್ಳು. ಉಡಿಯ ಮಾತು ಕೇಳಿದ ಆ ದಿನ ಅವನು ಅವರನ್ನು ಕಟ್ಟೆಯಿಂದ ಕೆಳಗೆ ನೂಕಿದ. ಉಡಿ ತುಂಬಿದ ಕೈ ಯಾವುದು ಎಂದು ಕೇಳಿ ಕೇಳಿ ಎರಡನ್ನೂ ಮುರಿದ. ಅಂತೋನಿ ಹೊತ್ತುಕೊಂಡು ಬಂದ. ನಾನು ಅನ್ನ ಉಣಿಸುತ್ತಿದ್ದೆ. ಜಾರಿ ಬಿದ್ದರು ಎಂದು ಉದಯಕುಮಾರ ಊರಿಗೆ ಹೇಳಿದ್ದಾನೆ. ನಾವು ಕಂಡದ್ದನ್ನು ನಾವು ಹೇಳಿದ್ದೇವೆ, ಇನ್ನೂ ಹೇಳುತ್ತೇವೆ.

ಇದನ್ನು ನಿನಗೆ ತಿಳಿಸಬಾರದು ಎಂದು ಅವರು ಆಣೆ ಹಾಕಿಸಿಕೊಂಡಿದ್ದರು, ತಿಳಿದರೆ ನೀನು ಬಂದುಬಿಡುತ್ತೀ ಎಂದು. ಆಣೆ ಮುರಿಯುತ್ತಿದ್ದೇನೆ. ನೀನು ಬರುತ್ತೇನೆ ಎಂದದ್ದು ಅವರಿಗಾಗಿ. ಈಗ ಇಲ್ಲಿ ನಿನಗೆ ಯಾರೂ ಇಲ್ಲ.

ಮಣ್ಣಿಗೆ ಕೂರಿಸುವ ಮೊದಲು ನಾನು ಅವರ ಸೆರಗಿಗೆ ನಮ್ಮ ಮನೆಯ ಅಕ್ಕಿ ಹಾಕಲು ಹೋದೆ. ‘ಮುಂಡೇರಿಗಿ ಯಾರರ ಉಡಿ ತುಂಬತಾರೇನ, ಅದೂ ಸಿದ್ದಿಯಾಕಿ ನೀ?’ ಎಂದು ಹಿರಿಯ ಹೆಂಗಸರು ಕೈ ಹಿಡಿದರು. ಆಗ ವಿದ್ಯಾವತಿ ಅಳುತ್ತ ಬಂದು ತನ್ನ ಕೈಯಿಂದಲೇ ಆ ಸೆರಗನ್ನು ಬಿಡಿಸಿ ಹಿಡಿದಳು. ನಾನು ತುಂಬಿದೆ.