ಕಿತ್ತಳೆ ತರಲು ಹೋದವರು

ಜೂನ್ 2, ಸೋಮವಾರ

ಲಾಂಡ್ರಿಯಲ್ಲಿ ಇವತ್ತು ಪೂರ್ತಿ ಹೋಟೆಲಿನ ಬೆಡ್‌ಶೀಟು. ಮಡಚಿದ್ದೇ ಮಡಚಿದ್ದು. ಹೊಸ ಹುಡುಗಿಗೆ ಕೈ ಚುರುಕು, ಆದರೆ ತಡೆಯುವುದಿಲ್ಲ, ಎಳೆದುಬಿಡುತ್ತಾಳೆ. ನನ್ನ ಕಡೆಯ ತುದಿ ಜಾರಿ ನೆಲಕ್ಕೆ ಬಿತ್ತು. ಒಗೆದದ್ದು ಮತ್ತೆ ಒಗೆಯಲು ಹೋಯಿತು.

"ಆಂಟಿ, ನಿಂತಲ್ಲೇ ನಿದ್ದೆನಾ?"

ಬೈಯಲಿಲ್ಲ. ಅವಳದೇನು ತಪ್ಪು. ದೊಡ್ಡ ಶೀಟು ಅಂದರೆ ಇಬ್ಬರ ಕೆಲಸ. ಎದುರುಬದುರು ನಿಂತು ಜಾಡಿಸಬೇಕು, ನಡೆದು ಬಂದು ತುದಿ ಕೊಡಬೇಕು, ಮತ್ತೆ ಹಿಂದೆ ಸರಿಯಬೇಕು. ಇಷ್ಟು ವರ್ಷ ಅಕ್ಕನ ಜೊತೆ (ಒಡಹುಟ್ಟಿದವಳಲ್ಲ, ಕೆಲಸದಲ್ಲಿ ಸಿಕ್ಕ ಅಕ್ಕ) ಮಡಚಿ ಮಡಚಿ ನನ್ನ ಕಾಲು ಅವಳ ಕಾಲಿಗೆ ಪಳಗಿಬಿಟ್ಟಿದೆ. ಕಾಲಿಗೆ ಅವಳ ಸಾವಿನ ಸುದ್ದಿ ಇನ್ನೂ ಮುಟ್ಟಿಲ್ಲ...

ಹುಡುಗಿ ಕೇಳಿದಳು, "ಎಲ್ರೂ ನಿಮ್ಮ ಅಕ್ಕನ್ನ ಹೆಡ್‌ಮಿಸ್ಸು ಹೆಡ್‌ಮಿಸ್ಸು ಅಂತೀರಲ್ಲ, ಆಯಮ್ಮ ಟೀಚರಾಗಿದ್ರಾ?"

ಇಸ್ತ್ರಿಯವಳು ಮೆಷಿನ್ ಹಿಂದಿನಿಂದಲೇ ಹೇಳಿದಳು. "ಓದಿದ್ದು ನಾಲ್ಕನೇ ಕ್ಲಾಸು. ಆದ್ರೆ ಮ್ಯಾನೇಜರ್‌ಗೇ 'ದಾರಿಗಡ್ಡ ನಿಲ್ಬೇಡಿ, ಆ ಕಡೆ ಹೋಗಿ' ಅಂತಿದ್ಲು. ಅವನೂ ಹೋಗಿ ನಿಂತ್ಕೊಳ್ಳೋನು."

ನಗು ಬಂತು. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ.

ಜೂನ್ 5, ಗುರುವಾರ

ಕೆಲಸ ಮುಗಿಸಿ ಅಕ್ಕನ ಮನೆಗೆ ಹೋಗಿದ್ದೆ. ಭಾವ ಸೈಕಲ್ ಅಂಗಡಿಯಿಂದ ಬಂದು ಕೈ ತೊಳೆಯುತ್ತಿದ್ದರು. ಉಗುರಿನೊಳಗಿನ ಗ್ರೀಸ್ ಹೋಗಿರಲಿಲ್ಲ. ಅಕ್ಕ ಇದ್ದಿದ್ದರೆ ಹಾಗೆ ಬಟ್ಟಲು ಮುಟ್ಟಲು ಬಿಡುತ್ತಿರಲಿಲ್ಲ.

ಅಕ್ಕನ ಮಗಳ ತಟ್ಟೆ ನೋಡಿದೆ. ಬ್ರೆಡ್ಡಿನ ಅಂಚು ಕಡಿದಿದ್ದಾಳೆ, ಅಷ್ಟೇ. ಕನ್ನಡಕದ ಅಂಗಡಿಯ ಕೆಲಸಕ್ಕೂ ಹೋಗುತ್ತಿಲ್ಲ. ಅಮ್ಮ ತೀರಿಕೊಂಡಾಗಿನಿಂದ ರಜೆಯಂತೆ. ಕಣ್ಣು ಗುಳಿ ಬಿದ್ದಿವೆ. ಪಕ್ಕದಲ್ಲಿ ಕೂತೆ. ಬ್ರೆಡ್ಡಿನ ಚೂರನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದಳು. ಆಮೇಲೆ ತಾನಾಗಿ ಹೇಳಿದಳು.

"ಚಿಕ್ಕಮ್ಮ, ನಾನು ಆಚೆ ಹೋಗಿದ್ದೆ."

"ಯಾವಾಗಮ್ಮಾ?"

"ಅಮ್ಮ ಹೋಗೋವಾಗ. ಹಗಲೂ ರಾತ್ರಿ ಪಕ್ಕದಲ್ಲೇ ಇದ್ದೆ. ಅದೊಂದು ಗಳಿಗೇಲಿ ಇರ್ಲಿಲ್ಲ. ಏನೋ ತಾ ಅಂದ್ಲು, ಹೋದೆ. ವಾಪಸ್ ಬಂದ್ರೆ ನರ್ಸ್ ಪರದೆ ಎಳೀತಿದ್ರು. ಒಬ್ಳೇ ಹೋದ್ಲು. ಕೇಳಿದ್ದೂ ಸಿಗಲಿಲ್ಲ ಅವಳಿಗೆ."

ಏನು ತರಲು ಅಂತ ಕೇಳಿದೆ. ತಲೆ ಆಡಿಸಿದಳು, ಹೇಳಲಿಲ್ಲ. ಅಪ್ಪನಿಗೂ ಹೇಳಿಲ್ಲವಂತೆ. ಅವರು ಕೇಳಿಯೂ ಇಲ್ಲ. ಆ ಮನೆಯಲ್ಲಿ ಮಾತಾಡುವ ಖಾತೆ ಅಕ್ಕನದಾಗಿತ್ತು.

ಎಲ್ಲ ದೇವರ ಚಿತ್ತ ಅಂತ ಹೇಳಬೇಕು ಅನ್ನಿಸಿತು. ನಾಲಿಗೆ ಮೇಲೆ ಬಂದಿತ್ತು. ನುಂಗಿಕೊಂಡೆ. ನಿಜವಾದ ಮಾತೇ. ಆದರೆ ಹಸಿದವರ ಮುಂದೆ ಬರೀ ತಟ್ಟೆ ತೊಳೆದಿಟ್ಟ ಹಾಗೆ ಆಗುತ್ತಿತ್ತು.

ಕರ್ತನೇ, ಈ ಹುಡುಗಿ ಒಂದು ತುತ್ತು ನೆಮ್ಮದಿಯಾಗಿ ತಿನ್ನಲಿ. ಸದ್ಯಕ್ಕೆ ನನ್ನ ಪ್ರಾರ್ಥನೆ ಇಷ್ಟೇ. ಬೇರೆಯವೆಲ್ಲ ಕಾಯಲಿ.

ಜೂನ್ 8, ಭಾನುವಾರ

ಆರಾಧನೆ ಮುಗಿದ ಮೇಲೆ ಪಾಸ್ಟರ್ ಅನೌನ್ಸ್ ಮಾಡಿದರು. ಬರುವ ಶನಿವಾರ ಸಂಜೆ ಚರ್ಚಿನ ಹಾಲ್‌ನಲ್ಲಿ ಅಕ್ಕನ ನೆನಪಿನ ಕೂಟ. ಗೆಳತಿಯರು ಎರಡೆರಡು ಮಾತು ಆಡಬೇಕಂತೆ. ಹುಡುಗು ಪಾಸ್ಟರ್, ಬಂದು ವರ್ಷವಾಗಿಲ್ಲ. ಉತ್ಸಾಹ ಜಾಸ್ತಿ, ಜ್ಞಾಪಕ ಕಮ್ಮಿ. ಹೋದ ವಾರ ಮದುವೆಯಾಗುವವರ ಹೆಸರಿನ ಓಲೆ ಓದುವಾಗ ಹುಡುಗನನ್ನು ಬೇರೆ ಹುಡುಗಿಗೆ ಕೊಟ್ಟುಬಿಟ್ಟಿದ್ದರು.

ಮಗಳಿಗೆ ಹೇಳಲು ಹೋದೆ. ಖಡಾಖಂಡಿತವಾಗಿ ಅಂದಳು, "ನಾನು ಬರಲ್ಲ. ಎಲ್ರೂ ಸೇರಿ ಅಮ್ಮನ್ನ ದೇವದೂತೆ ಮಾಡ್ತೀರಿ. ಶಾಂತವಾಗಿ ನಿದ್ರೆ ಹೋದಳು ಅಂತೀರಿ. ನಾನದನ್ನ ಕೂತು ಕೇಳ್ಬೇಕಾ?"

ಭಾವ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತಿದ್ದರು. ಹಾಕಿದ್ದ ಚಪ್ಪಲಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡರು.

ಜೂನ್ 14, ಶನಿವಾರ, ಮಧ್ಯಾಹ್ನ

ಪಾಸ್ಟರ್ ಫೋನು. ಹಾಲ್‌ಗೆ ನಿನ್ನೆಯಿಂದ ಪೇಂಟ್ ಹೊಡೆಯುತ್ತಿದ್ದಾರೆ. ಹೊಡೆಯಲು ಹೇಳಿದವರು ಅವರೇ. ಗೋಡೆ ಹಸಿ, ಬೆಂಚೆಲ್ಲ ಅಂಗಳದಲ್ಲಿ. "ಕೂಟ ಅವರ ಮನೇಲೇ ಇಟ್ಕೊಂಡ್ರೆ ಹೇಗಮ್ಮಾ?"

ಹೇಗೆ ಅಂತ ನನ್ನನ್ನೇಕೆ ಕೇಳುತ್ತಾರೆ. ಭಾವನಿಗೆ ಆಗಲೇ ಹೇಳಿ ಆಗಿತ್ತಂತೆ, ಅವರು ಹೂಂ ಅಂದಿದ್ದಾರಂತೆ.

ಹುಡುಗಿ ಕೂಟಕ್ಕೆ ಬರುವುದಿಲ್ಲ ಅಂದಳು, ಕೂಟವೇ ಅವಳ ಮನೆಗೆ ಹೊರಟಿತು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಗೊತ್ತಿಲ್ಲ. ಒಂದು ಡಬ್ಬಿ ಬಿಸ್ಕತ್ತು ತೆಗೆದುಕೊಂಡು ಹೊರಟೆ.

ಜೂನ್ 15, ಭಾನುವಾರ

ನಿನ್ನೆ ಬರೆಯಲು ಆಗಲಿಲ್ಲ. ಮನೆಗೆ ಬಂದವಳೇ ಮಲಗಿಬಿಟ್ಟೆ. ಎಷ್ಟೋ ದಿನದ ಮೇಲೆ ಕಲ್ಲಿನ ಹಾಗೆ ನಿದ್ದೆ. ಈಗ ಆರಾಧನೆ ಮುಗಿಸಿ ಬಂದು ಕೂತಿದ್ದೇನೆ. ಎಲ್ಲ ಬರೆಯಬೇಕು.

ಮನೆ ಚಿಕ್ಕದು. ಕುರ್ಚಿ ಸಾಲದೆ ಕೆಲವರು ಮಂಚದ ಮೇಲೆ, ಭಾವ ಬಾಗಿಲ ಬಳಿ ಸ್ಟೂಲ್ ಮೇಲೆ. ಮಗಳು ಚಹಾ ಮಾಡುವ ನೆಪದಲ್ಲಿ ಅಡುಗೆಮನೆ ಸೇರಿಕೊಂಡಳು. ನಡುವೆ ಒಂದು ಪರದೆ ಅಷ್ಟೇ. ಪಾತ್ರೆ ಸದ್ದು ಕೇಳಿಸುತ್ತಿತ್ತು. ಅಂದರೆ ನಮ್ಮ ಮಾತೂ ಅವಳಿಗೆ ಕೇಳಿಸುತ್ತಿತ್ತು.

ಪಾಸ್ಟರ್ ಪ್ರಾರ್ಥಿಸಿ, "ತಾಳ್ಮೆಯ ಮೂರ್ತಿಯಾಗಿದ್ದ ನಮ್ಮ ಸಹೋದರಿ..." ಅಂತ ಶುರು ಮಾಡಿದರು.

ಇಸ್ತ್ರಿಯವಳಿಗೆ ತಡೆಯಲಾಗಲಿಲ್ಲ. "ಯಾರು, ನಮ್ಮ ಹೆಡ್‌ಮಿಸ್ಸಾ? ಅಯ್ಯಾ, ನೀವು ಬೇರೆ ಯಾರದೋ ಮನೆಗೆ ಬಂದಿದೀರಿ."

ಎಲ್ಲರೂ ನಕ್ಕರು. ಪಾಸ್ಟರ್ ಕೂಡ. ಅಲ್ಲಿಂದ ಕೂಟದ ಬಿಗಿ ಸಡಿಲವಾಯಿತು.

ಇಸ್ತ್ರಿಯವಳೇ ಮುಂದುವರಿಸಿದಳು. "ಒಂದ್ಸಲ ಸ್ಟೀಮ್ ಬಡಿದು ಅವಳ ಮೊಣಕೈ ಬೆಂದುಹೋಯ್ತು. ನಾನು ಅಯ್ಯೋ ಅಂತ ಓಡಿಹೋದ್ರೆ, ಏನಂತಾಳೆ? 'ಅಂಗಿಗೆ ಹಾಕೋ ಹಸಿರು ಗುಂಡಿ ತಗೊಂಡು ಬಾ ಹೋಗು.' ಗುಂಡಿ ಯಾಕೆ ಅಂದ್ರೆ, 'ತಾ ಅಂದ್ರೆ ತಾ.' ಆ ಗಂಟಲಿಗೆ ಹೆದರಿ ಹೋದೆ. ಬೀದಿ ಕೊನೆ ತನಕ ಹಸಿರು ಗುಂಡಿ ಹುಡುಕಿದೀನಿ. ಬರೋಷ್ಟರಲ್ಲಿ ತಾನೇ ಬಟ್ಟೆ ಕಟ್ಕೊಂಡು ಕೆಲಸ ಮಾಡ್ತಿದ್ಲು. ಗುಂಡಿ ಕೊಟ್ರೆ 'ಇದೇನೇ ಇದು' ಅಂದ್ಲು."

ಅದನ್ನು ಕೇಳಿ ನನಗೂ ನೆನಪಾಯಿತು. ಮಾತಾಡಬೇಕು ಅಂತ ಏನೇನೋ ಉರು ಹೊಡೆದುಕೊಂಡು ಹೋಗಿದ್ದೆ, ಅದೆಲ್ಲ ಬಿಟ್ಟು ಇದನ್ನೇ ಹೇಳಿದೆ. ಅಕ್ಕನ ಅಮ್ಮ ತೀರಿಕೊಂಡ ಫೋನು ಲಾಂಡ್ರಿಗೇ ಬಂದಿತ್ತು. ಶೀಟಿನ ಆ ತುದಿ ಅವಳು, ಈ ತುದಿ ನಾನು. ಫೋನು ಇಟ್ಟು ಬಂದು, "ನೀಲಿ ದಾರ ತಗೊಂಡು ಬಾ" ಅಂದಳು. ನಮ್ಮದು ಒಗೆಯುವ ಜಾಗ, ಅಲ್ಲಿ ಎಲ್ಲಿಯ ದಾರ. ಆದರೂ ಹೋದೆ. ವಾಪಸ್ ಬಂದಾಗ ಮುಖ ತೊಳೆದುಕೊಂಡು, ಶೀಟಿನ ನಾಲ್ಕೂ ತುದಿ ತಾನೇ ಹಿಡಿದು ನಿಂತಿದ್ದಳು. "ಅಮ್ಮ ಹೋದ್ಲು. ಇದೊಂದು ಮುಗಿಸಿ ಹೊರಡ್ತೀನಿ, ಹಿಡಿ" ಅಂದಳು.

ಆಗ ಸ್ಟೂಲ್ ಮೇಲಿಂದ ಸದ್ದು ಬಂತು. ಭಾವ ನಗುತ್ತಿದ್ದರು. ಅವರು ನಕ್ಕದ್ದನ್ನು ಇತ್ತೀಚೆಗೆ ಯಾರೂ ನೋಡಿರಲಿಲ್ಲ.

"ನಿಮಗೆ ಗುಂಡಿ, ದಾರ. ನನಗೆ ಕಿತ್ತಳೆ ಕಣಮ್ಮಾ," ಅಂದರು. "ಇವಳು ಹುಟ್ಟೋ ದಿನ. ನೋವು ಜೋರಾಯ್ತು. ನಾನು ಬಾಗಿಲಲ್ಲೇ ನಿಂತಿದ್ದೆ. 'ನನಗೆ ಕಿತ್ತಳೆ ಬೇಕು, ಹೋಗಿ ತನ್ನಿ' ಅಂದ್ಲು. ಕಿತ್ತಳೆ ಕಾಲವೇ ಅಲ್ಲ ಅದು. ಸೈಕಲ್ ಹತ್ತಿ ಹೋದೆ. ಇರೋ ಬರೋ ಅಂಗಡಿ ಎಲ್ಲಾ ಸುತ್ತಿದೆ. ಕೊನೆಗೆ ಒಂದು ನಿಂಬೆಹಣ್ಣು ಹಿಡ್ಕೊಂಡು ಬಂದ್ರೆ, ಒಳಗೆ ಕೂಸು ಅಳ್ತಾ ಇದೆ. ಕಿತ್ತಳೆ ಎಲ್ಲಿ ಅಂತ ಒಂದು ಮಾತು ಕೇಳ್ಬೇಕಲ್ಲ ಮಹಾರಾಯ್ತಿ? ಇಲ್ಲ."

"ಆಮೇಲೆ ನೀವು ಕೇಳ್ಲಿಲ್ವಾ?" ಅಂದರು ಪಾಸ್ಟರ್.

"ಕೇಳ್ದೆ, ತುಂಬಾ ವರ್ಷದ ಮೇಲೆ. 'ನೀವು ಅಲ್ಲಿ ನಿಂತಿದ್ರೆ ನಾನು ನನ್ನ ನೋವು ನೋಡ್ಕೊಳ್ಳೋದೋ, ನಿಮ್ಮ ಮುಖ ನೋಡ್ಕೊಳ್ಳೋದೋ? ಇದ್ದಷ್ಟು ಶಕ್ತೀಲಿ ಒಂದೇ ಕೆಲಸ ಆಗೋದು' ಅಂದ್ಲು."

ಅಡುಗೆಮನೆಯಲ್ಲಿ ಸದ್ದು ನಿಂತಿತ್ತು. ಚಹಾ ಉಕ್ಕಿ ಒಲೆಗೆ ಚೆಲ್ಲಿದ ವಾಸನೆ. ಪರದೆ ಸರಿಯಿತು. ಕೈಯಲ್ಲಿ ಮಸಿಬಟ್ಟೆ ಹಿಡಿದು ಹುಡುಗಿ ನಿಂತಿದ್ದಳು.

"ಅಪ್ಪ... ನನಗೆ ಐಸ್ ತಾ ಅಂದ್ಲು."

ಭಾವನಿಗೆ ಅರ್ಥವಾಗಲಿಲ್ಲ. "ಯಾರಿಗೆ ಐಸು?"

"ಅಮ್ಮ. ಆಸ್ಪತ್ರೇಲಿ, ಕೊನೇ ದಿನ. ಐಸ್ ತುಂಡು ಬೇಕು ಅಂದ್ಲು. ವಾರ್ಡಲ್ಲಿ ಇರ್ಲಿಲ್ಲ. ರಸ್ತೆ ದಾಟಿ ಜ್ಯೂಸ್ ಅಂಗಡಿಗೆ ಹೋದೆ. ಅಲ್ಲಿ ಜನ. ತಗೊಂಡು ಓಡಿ ಬಂದೆ, ಲೋಟದಲ್ಲಿ ಅರ್ಧ ಕರಗಿತ್ತು... ಬಾಯಾರ್ಕೊಂಡೇ ಹೋದ್ಲು ಅಪ್ಪ."

"ಐಸಾ? ಅವಳಾ?" ಅಂದರು ಭಾವ.

ಇಸ್ತ್ರಿಯವಳು ಎದ್ದೇ ನಿಂತಳು. "ಸುಡುಬಿಸಿಲಲ್ಲೂ ಬಿಸಿನೀರು ಕುಡಿಯೋಳು ಅವಳು. ಐಸ್‌ಕ್ರೀಮ್ ಕೊಡಿಸಿದ್ರೆ ಹಲ್ಲು ಜುಂ ಅನ್ನುತ್ತೆ ಅಂತ ಪೂರ್ತಿ ಕರಗೋವರೆಗೂ ಕಾಯ್ತಾ ಕೂತು, ಆಮೇಲೆ ಪಾಯಸದ ಥರ ಕುಡಿದ್ಲು. ನಾವೆಲ್ಲ ನೋಡಿದೀವಿ."

"ನಂಗೂ ಗೊತ್ತಿತ್ತು," ಅಂದಳು ಹುಡುಗಿ. "ಜ್ವರಕ್ಕೆ ಕೇಳ್ತಿದಾಳೆ ಅಂದ್ಕೊಂಡೆ."

ಭಾವ ಎದ್ದು ಹೋಗಿ ಅವಳ ಕೈಯಿಂದ ಮಸಿಬಟ್ಟೆ ತೆಗೆದುಕೊಂಡರು. ತುಂಬಾ ಮೆಲ್ಲಗೆ ಹೇಳಿದರು, ಆದರೂ ಎಲ್ಲರಿಗೂ ಕೇಳಿಸಿತು.

"ನಿನ್ನನ್ನೂ ಕಿತ್ತಳೆಗೆ ಕಳಿಸಿದ್ದಾಳೆ ಕಣೇ."

ಹುಡುಗಿ ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಅತ್ತಳು. ಈ ಅಳು ಬೇರೆ ಥರ. ಕಟ್ಟಿಕೊಂಡಿದ್ದ ಮೋರಿಗೆ ಕೋಲು ಹಾಕಿದ ಹಾಗೆ, ಒಂದೇ ಸಮನೆ ಹರಿಯಿತು. ನಡುವೆ ಒಂದು ನಗುವೂ ಬಂತು. "ನಿಂಬೆಹಣ್ಣು ಯಾಕೆ ತಂದ್ರಿ ಅಪ್ಪ?" ಅಂದಳು. "ಬರಿಗೈಲಿ ಹೋದ್ರೆ ಬೈತಾಳಲ್ಲ" ಅಂದರು ಭಾವ.

ಪಾಸ್ಟರ್ ಕೊನೆಯ ಪ್ರಾರ್ಥನೆ ಮರೆತರು. ನಾವೂ ಜ್ಞಾಪಿಸಲಿಲ್ಲ. ಆ ಹೊತ್ತಿಗೆ ಮುಗಿದೇಹೋಗಿತ್ತು, ಪ್ರಾರ್ಥನೆ.

ಚಹಾ ಪೂರ್ತಿ ಉಕ್ಕಿಹೋಗಿತ್ತು. ಮತ್ತೆ ಇಟ್ಟೆ. ಹುಡುಗಿ ನನ್ನ ಡಬ್ಬಿಯ ಬಿಸ್ಕತ್ತನ್ನು ಅದ್ದಿ ಅದ್ದಿ ತಿಂದಳು. ಯಾರೂ ನೋಡದ ಹಾಗೆ ಎಲ್ಲರೂ ನೋಡುತ್ತಿದ್ದೆವು.

ಜೂನ್ 17, ಮಂಗಳವಾರ

ಶೀಟು ಮಡಚುತ್ತಾ ಅದನ್ನೇ ಯೋಚಿಸುತ್ತಿದ್ದೆ. ಅಕ್ಕ ಯಾರನ್ನೂ ದೂರ ಮಾಡಲಿಲ್ಲ. ಪ್ರೀತಿ ಕಮ್ಮಿಯಾಗಿ ಕಳಿಸಿದ್ದಲ್ಲ. ಕರ್ತನೂ ಶಿಲುಬೆಗೇರುವ ಮುಂಚಿನ ಆ ಕೊನೆಯ ರಾತ್ರಿ ತೋಟದಲ್ಲಿ ತನ್ನ ಶಿಷ್ಯರಿಗೆ ಇಲ್ಲೇ ಕೂತಿರಿ ಅಂತ ಹೇಳಿ, ತಾನೊಬ್ಬನೇ ಮುಂದೆ ಹೋದ. ಬೇಡವಾದವರನ್ನು ಅಷ್ಟು ಹತ್ತಿರ ಯಾರೂ ಕರೆದುಕೊಂಡು ಹೋಗುವುದಿಲ್ಲ. ಅಲ್ಲಿಂದ ಮುಂದಿನ ಹೆಜ್ಜೆ ಮಾತ್ರ ಒಬ್ಬರದೇ.

ಚರ್ಚಿನ ದೊಡ್ಡವರು ಇದನ್ನು ಒಪ್ಪುತ್ತಾರೋ ಇಲ್ಲವೋ. ನನ್ನ ಮನಸ್ಸಿಗೆ ಸಾಕು.

ಹೊಸ ಹುಡುಗಿ ಈಗ ಎಳೆಯುವುದು ಕಮ್ಮಿ ಮಾಡಿದ್ದಾಳೆ. ಅಥವಾ ನಾನೇ ಗಟ್ಟಿಯಾಗಿ ಹಿಡಿಯುತ್ತಿದ್ದೇನೋ.

ಜೂನ್ 28, ಶನಿವಾರ, ಸಂಜೆ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಬರೆಯುವಂಥ ಕಷ್ಟ ಏನೂ ಇರಲಿಲ್ಲ. ದೇವರಿಗೆ ಸ್ತೋತ್ರ.

ಮಗಳು ಅಂಗಡಿಗೆ ಹೋಗುತ್ತಿದ್ದಾಳೆ. ನನಗೆ ಓದುವ ಕನ್ನಡಕ ಮಾಡಿಸಿಕೊಟ್ಟಿದ್ದಾಳೆ. "ಚಿಕ್ಕಮ್ಮ, ಪುಸ್ತಕನ ಅಷ್ಟು ದೂರ ಹಿಡೀತೀರಲ್ಲ, ಪಕ್ಕದ ಮನೆಯವರಿಗೆ ಓದೋಕಾ?" ಅಂತ ಬೈದೇ ಮಾಡಿಸಿದಳು. ಬೈಯುವಾಗ ತಾಯಿಯ ಗಂಟಲೇ. ನಾನು ಬೈಸಿಕೊಂಡು ಸುಖವಾಗಿ ನಿಂತಿದ್ದೆ.

ಭಾವನೂ ಈಗ ಒಂದೆರಡು ಮಾತಾಡುತ್ತಾರಂತೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮಗಳು ಅಕ್ಕನ ಒಂದೊಂದು ಕಥೆ ತೆಗೆಯುತ್ತಾರಂತೆ. ಆ ಸೈಕಲ್ ದಿನದ ಸುತ್ತಾಟ ದಿನದಿಂದ ದಿನಕ್ಕೆ ಉದ್ದವಾಗುತ್ತಿದೆಯಂತೆ, ನಿನ್ನೆ ಅದರಲ್ಲಿ ಒಂದು ನಾಯಿಯೂ ಅಟ್ಟಿಸಿಕೊಂಡು ಬಂದಿದೆ.

ಇವತ್ತು ಇಬ್ಬರಿಗೂ ನಮ್ಮಲ್ಲೇ ಊಟ. ಅವಳೇ ಫೋನ್ ಮಾಡಿ ಕೇಳಿದ್ದು, "ಏನ್ ಮಾಡಿದೀರಿ? ಜಾಸ್ತಿ ಮಾಡಿ" ಅಂತ. ಬೇಳೆ ಬೇಯುತ್ತಿದೆ. ಇಸ್ತ್ರಿಯವಳನ್ನೂ ಕರೆದಿದ್ದೇನೆ, ಅವಳಿಲ್ಲದಿದ್ದರೆ ಊಟಕ್ಕೆ ಉಪ್ಪಿಲ್ಲ.

ಅಕ್ಕನ ಬಗ್ಗೆ ಇನ್ನೊಂದು ಬರೆದಿಡಬೇಕು ಅಂತ ಬೆಳಿಗ್ಗೆಯಿಂದ ಅಂದುಕೊಳ್ಳುತ್ತಿದ್ದೆ. ನಾವಿಬ್ಬರೂ ಒಮ್ಮೆ ಲಾಂಡ್ರಿಯ ಲಿಫ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಅವಳು...

ಮೆಟ್ಟಿಲ ಮೇಲೆ ಸದ್ದು. ಬಂದರು ಅನ್ನಿಸುತ್ತದೆ. ಕೆಳಗಿನಿಂದಲೇ ಕೂಗುತ್ತಿದ್ದಾಳೆ, "ಚಿಕ್ಕಮ್ಮ, ಬಾಗಿಲು ತೆಗೀರಿ, ಅಮ್ಮಂದು ಇನ್ನೊಂದು ನೆನಪಾಯ್ತು, ಮರೆಯೋಕ್ ಮುಂಚೆ ಹೇಳ್ಬೇಕು." ಹಿಂದಿನಿಂದ ಭಾವ, "ಅದು ಹಾಗಲ್ಲ ಕಣೇ, ಮೊದಲಿಂದ ಹೇಳು" ಅನ್ನುತ್ತಿದ್ದಾರೆ. ಮಿಕ್ಕದ್ದು ಆಮೇಲೆ ಬರೆಯುತ್ತೇನೆ.